ತೆಂಗಿನ ಗರಿಯ ಸುತ್ತ ಬಿಳಿ ಅಂಚು ಉಳಿಯದಂತೆ ಆಕಾಶದ ಮಾಸ್ಕ್

ಫೋಟೋದಲ್ಲಿ ಸಂಜೆಯ ಆಕಾಶವನ್ನು ಸ್ವಲ್ಪ ಗಾಢ ಮಾಡಿದ್ದೇ ತಡ, ತೆಂಗಿನ ಗರಿಗಳ ಸುತ್ತ ಬೆಳ್ಳನೆಯ ಅಂಚು ಕಾಣಿಸಿಕೊಳ್ಳುತ್ತದೆ. ಗರಿಗಳ ಸಂದಿಯಲ್ಲಿ ಹಳೇ ಆಕಾಶವೇ ತೇಪೆಯಂತೆ ಉಳಿದುಬಿಡುತ್ತದೆ. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಆಕಾಶವನ್ನು ತಾನೇ ಗುರುತಿಸುವ ಸೆಲೆಕ್ಟ್ ಸ್ಕೈ ಕಟ್ಟಡದ ಅಂಚನ್ನೋ ಬೆಟ್ಟದ ಸಾಲನ್ನೋ ಚೆನ್ನಾಗಿಯೇ ಹಿಡಿಯುತ್ತದೆ, ಎಡವುವುದು ಇಂಥ ಎಳೆಎಳೆಯಾದ ಕಡೆ. ಹಾಗಂತ ಸಣ್ಣ ಬ್ರಷ್ ಹಿಡಿದು ಒಂದೊಂದೇ ಎಲೆ ತಿದ್ದುತ್ತಾ ಕೂರಬೇಡಿ. ಎಲೆ ಕಪ್ಪು, ಹಿಂದಿನ ಆಕಾಶ ಬೆಳಕು. ಆ ವ್ಯತ್ಯಾಸವೇ ಅಂಚು ಬಿಡಿಸಿಕೊಡುತ್ತದೆ.

ಮೊದಲು ಸೆಲೆಕ್ಟ್ ಸ್ಕೈ ಒತ್ತಿ. ಆಗ ಒಂದು ಮಾಸ್ಕ್, ಅಂದರೆ ತಿದ್ದುಪಡಿ ತಾಗಬೇಕಾದ ಜಾಗದ ಗುರುತು, ಸಿದ್ಧವಾಗುತ್ತದೆ. ಅದೇ ಮಾಸ್ಕ್‌ನೊಳಗೆ ಆ್ಯಡ್ ಒತ್ತಿ ಬ್ರಷ್ ತೆಗೆದುಕೊಳ್ಳಿ: ಫೆದರ್ 50, ಫ್ಲೋ 100, ಡೆನ್ಸಿಟಿ 100, ಆಟೋ ಮಾಸ್ಕ್ ಆಫ್. ಮರದ ತಲೆಯಿಡೀ, ಗರಿಗಳ ಮೇಲೆಯೇ, ಒರಟಾಗಿ ಬಳಿಯಿರಿ. ಆಮೇಲೆ ಆಲ್ಟ್ ಒತ್ತಿ ಹಿಡಿದರೆ (ಮ್ಯಾಕ್‌ನಲ್ಲಿ ಆಪ್ಷನ್) ಆ್ಯಡ್ ಇದ್ದ ಜಾಗದಲ್ಲಿ ಇಂಟರ್‌ಸೆಕ್ಟ್ (ಎರಡೂ ಆಯ್ಕೆಗಳು ಕೂಡುವ ಜಾಗವನ್ನಷ್ಟೇ ಉಳಿಸುವುದು) ಬರುತ್ತದೆ. ಅದರಲ್ಲಿ ಲೂಮಿನೆನ್ಸ್ ರೇಂಜ್ (ಬೆಳಕಿನ ಮಟ್ಟ ನೋಡಿ ಹಿಡಿಯುವುದು) ಆರಿಸಿ. ಸ್ಲೈಡರ್‌ನ ಎಡಗಡೆಯ ಒಳ ಹಿಡಿಯನ್ನು 55ರ ಆಸುಪಾಸಿಗೆ, ಹೊರ ಹಿಡಿಯನ್ನು 40ರ ಹತ್ತಿರಕ್ಕೆ ತನ್ನಿ. ಇವು ಶುರುವಿನ ಅಂಕಿ ಅಷ್ಟೇ, ಫೋಟೋ ನೋಡಿ ಸರಿಸಿಕೊಳ್ಳಬೇಕು.

ಈ ಕ್ರಮ ತಪ್ಪಿಸಬೇಡಿ. ಇಂಟರ್‌ಸೆಕ್ಟ್ ಕತ್ತರಿಸುವುದು ತನಗಿಂತ ಮೊದಲು ಸೇರಿದ್ದನ್ನು ಮಾತ್ರ. ಅದಾದ ಮೇಲೆ ಬಳಿದ ಬ್ರಷ್ ಗರಿಯ ಮೇಲೂ ಹಾಗೇ ಕೂರುತ್ತದೆ. ಇದನ್ನೇ ಲಾಭಕ್ಕೂ ಬಳಸಬಹುದು: ಚೌಕಟ್ಟಿನ ಮೇಲ್ಭಾಗದಲ್ಲಿ ಆಕಾಶವೇ ಗಾಢವಾಗಿದ್ದು ಮಾಸ್ಕ್‌ನಿಂದ ಜಾರಿಹೋಗಿದ್ದರೆ, ಕೊನೆಯಲ್ಲಿ ಒಂದು ಲೀನಿಯರ್ ಗ್ರೇಡಿಯಂಟ್ ಸೇರಿಸಿ. ಅದು ಮರದ ತುದಿ ಮುಟ್ಟದಿದ್ದರೆ ಸಾಕು.

ಪರೀಕ್ಷೆಗೆ ಕೆಂಪು ಓವರ್‌ಲೇ (ಮಾಸ್ಕ್ ಎಲ್ಲಿದೆ ಎಂದು ತೋರಿಸುವ ಬಣ್ಣದ ಹೊದಿಕೆ) ನಂಬಬೇಡಿ, ಸಣ್ಣ ತಪ್ಪುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಓವರ್‌ಲೇಯನ್ನು ವೈಟ್ ಆನ್ ಬ್ಲ್ಯಾಕ್‌ಗೆ ಬದಲಿಸಿ, 100%ಗೆ ಜೂಮ್ ಮಾಡಿ. ಆಕಾಶ ಅಚ್ಚ ಬಿಳಿ, ಎಲೆ ಅಚ್ಚ ಕಪ್ಪು, ನಡುವೆ ಕೂದಲೆಳೆಯಷ್ಟು ಬೂದು ಇರಬೇಕು. ಬೂದು ಇಲ್ಲವೇ ಇಲ್ಲ, ಅಂಚು ಗರಗಸದ ಹಲ್ಲಿನಂತಿದೆ ಎಂದರೆ ಎರಡು ಹಿಡಿಗಳೂ ತೀರಾ ಹತ್ತಿರವಾಗಿವೆ. ಹೊರ ಹಿಡಿಯನ್ನು ಇನ್ನಷ್ಟು ಎಡಕ್ಕೆ ಎಳೆಯಿರಿ. ಬಿಳಿಯಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಹೆಚ್ಚು ಐಎಸ್‌ಒದ (ಕ್ಯಾಮೆರಾದ ಬೆಳಕಿನ ಸಂವೇದನೆಯ ಮಟ್ಟ) ನಾಯ್ಸ್, ಅಂದರೆ ಕಾಳುಕಾಳಾದ ಕಲೆ. ಅದಕ್ಕೂ ಮದ್ದು ಅದೇ.

ಮಾಸ್ಕ್ ಎಷ್ಟೇ ಚೊಕ್ಕವಾಗಿದ್ದರೂ ಎಕ್ಸ್‌ಪೋಷರ್ ಅನ್ನು −1ಕ್ಕಿಂತ ಕೆಳಗಿಳಿಸಿದರೆ ಆ ಬೂದು ಎಳೆಯೇ ಅಂಚಾಗಿ ಕಾಣತೊಡಗುತ್ತದೆ. −0.5ರಿಂದ −0.7ರಲ್ಲಿ ನಿಲ್ಲಿಸಿ, ಬೇಕಿದ್ದರೆ ಹೈಲೈಟ್ಸ್ ಇಳಿಸಿ. ಡೀಹೇಜ್ ಮತ್ತು ಕ್ಲಾರಿಟಿ ಅಂಚನ್ನು ಇನ್ನೂ ಕೆದಕುತ್ತವೆ. ಇಂಥ ಆಕಾಶಕ್ಕೆ ಅವೆರಡೂ ಬೇಡವೇ ಬೇಡ.

ಬಿಸಿಲು ಎದುರಿನಿಂದ ಬಿದ್ದು ಗರಿಗಳೇ ಮಿರುಗುತ್ತಿದ್ದರೆ ಈ ಉಪಾಯ ನಡೆಯದು, ಎಲೆಯೂ ಆಕಾಶದಷ್ಟೇ ಬೆಳಗಿರುತ್ತದೆ. ಆಗ ಲೂಮಿನೆನ್ಸ್ ಬದಲು ಕಲರ್ ರೇಂಜ್ ಹಾಕಿ, ನೀಲಿಯ ಮೇಲೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಸಂದಿಗಳಿಂದ ಮತ್ತೆರಡು ಮಾದರಿ ಸೇರಿಸಿ.

ಒಂದೇ ಜಾಗದ ಹಲವು ಫೋಟೋಗಳಿಗೆ ಇದೇ ತಿದ್ದುಪಡಿಯನ್ನು ಸಿಂಕ್ ಮಾಡುವಾಗ (ಒಟ್ಟಿಗೆ ನಕಲಿಸುವಾಗ) ಆಕಾಶವನ್ನು ಸಾಫ್ಟ್‌ವೇರ್ ಪ್ರತಿ ಫೋಟೋದಲ್ಲೂ ಹೊಸದಾಗಿ ಹುಡುಕುತ್ತದೆ. ಬ್ರಷ್ ಮಾತ್ರ ಹಳೆಯ ಜಾಗದಲ್ಲೇ ಬೀಳುತ್ತದೆ, ಅದನ್ನು ಒಂದೊಂದರಲ್ಲೂ ಕೈಯಾರೆ ಮರದ ಮೇಲಕ್ಕೆ ಸರಿಸಬೇಕು.