ಆರ್ಡ್‌ಮೋರ್ ಲೆಗಸಿ: ಬಚ್ಚಲೊಲೆಯಷ್ಟೇ ಹೊಗೆ

ಇಲ್ಲಿ ಸ್ಕಾಟ್ಲೆಂಡಲ್ಲಿ ಅಬರ್ಡೀನಿಂದ ಇನ್ವರ್ನೆಸ್‌ಗೆ ಹೋಗೋ ಟ್ರೇನಲ್ಲಿ ಇನ್ಶ್ ಸ್ಟೇಷನ್ ದಾಟಿದ ಮೇಲೆ ಹಳಿ ಪಕ್ಕದಲ್ಲೇ ಒಂದು ಡಿಸ್ಟಿಲರಿ, ಅಂದ್ರೆ ವಿಸ್ಕಿ ಮಾಡೋ ಕಾರ್ಖಾನೆ, ಬರತ್ತೆ, ಆರ್ಡ್‌ಮೋರ್ ಅಂತ. ಕೆಲಸದ ಮೇಲೆ ಓಡಾಡ್ತಾ ಎಷ್ಟೋ ಸಲ ಕಿಟಕಿಯಿಂದ ನೋಡಿದೀನಿ, ಆದ್ರೆ ಅಲ್ಲಿನ ವಿಸ್ಕಿ ಬಾಯಿಗೆ ಬಿದ್ದಿದ್ದು ತುಂಬಾ ಲೇಟು. ಹೊಗೆ ವಿಸ್ಕಿ ಅಂದ್ರೆನೇ ಭಯ ಹತ್ತಿಬಿಟ್ಟಿತ್ತು ನಂಗೆ. ಬಂದ ಹೊಸದ್ರಲ್ಲಿ ಯಾರೋ ಐಲಾ ದ್ವೀಪದ್ದೊಂದು ಕುಡಿಸಿದ್ರು, ಮೂಗಿನ ಹತ್ರ ತಂದ್ರೆ ಫಿನಾಯಿಲ್ ಹಾಕಿ ಒರೆಸಿದ ಆಸ್ಪತ್ರೆ ವಾರ್ಡು, ಅರ್ಧ ಗ್ಲಾಸ್ ಹಾಗೇ ಬಿಟ್ಟಿದ್ದೆ.

ಆಮೇಲೆ ಗೊತ್ತಾಯ್ತು ಎಲ್ಲಾ ಹೊಗೆನೂ ಒಂದೇ ಅಲ್ಲ ಅಂತ. ಹೊಗೆ ವಿಸ್ಕಿಗೆ ಮೊಳಕೆ ಬಂದ ಬಾರ್ಲಿನ ಒಣಗಿಸಿ ಮಾಲ್ಟ್ ಮಾಡುವಾಗ ಪೀಟ್ ಉರಿಸ್ತಾರೆ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೂತ ಪಾಚಿ, ಬೇರು, ಗಿಡಗಂಟಿ ಎಲ್ಲಾ ಒತ್ತಿಕೊಂಡು ಆದ ಕಪ್ಪು ಮಣ್ಣು, ಇಟ್ಟಿಗೆ ಥರ ಕತ್ತರಿಸಿ ಒಣಗಿಸಿ ಸೌದೆ ಹಾಗೆ ಉರಿಸೋದು. ಆ ಹೊಗೆ ಕಾಳಿಗೆ ಹತ್ತತ್ತೆ, ವಿಸ್ಕಿ ಆದ್ಮೇಲೂ ಉಳಿಯತ್ತೆ. ಐಲಾ ಪೀಟಿನ ಹೊಗೇಲಿ ಔಷಧಿ ವಾಸನೆ ಜಾಸ್ತಿ, ಇಲ್ಲಿ ಒಳನಾಡಿನ ಪೀಟ್‌ದು ಮಣ್ಣು, ಕಟ್ಟಿಗೆ ಥರ. ನಾನು ತಂದ ಆರ್ಡ್‌ಮೋರ್ ಬಾಟ್ಲಿ ಹೆಸರು ಲೆಗಸಿ, ಅದಕ್ಕೆ 80% ಹೊಗೆ ಹಾಕಿದ ಮಾಲ್ಟ್, 20% ಹಾಕದೇ ಇರೋದು ಬೆರೆಸ್ತಾರೆ, ಆಲ್ಕೋಹಾಲ್ 40%. ನಾನು ತಗೊಂಡಾಗ 30 ಪೌಂಡ್ ಒಳಗೇ ಸಿಕ್ತು, ಸಿಂಗಲ್ ಮಾಲ್ಟ್‌ಗೆ, ಅಂದ್ರೆ ಒಂದೇ ಡಿಸ್ಟಿಲರಿಯ ಬಾರ್ಲಿ ಮಾಲ್ಟ್ ವಿಸ್ಕಿಗೆ, ಅದು ಕಮ್ಮಿನೇ.

ಮೊದಲ್ನೇ ದಿನ ಊರಲ್ಲಿ ಮಾಡೋ ಹಾಗೇ ಐಸು ಸೋಡಾ ಹಾಕಿ, ಪಕ್ಕದಲ್ಲಿ ಖಾರದ ಮಿಕ್ಸ್ಚರ್ ಇಟ್ಕೊಂಡು ಕೂತೆ. ಏನೂ ಸಿಗ್ಲಿಲ್ಲ, ತಣ್ಣಗಾದ್ರೆ ವಾಸನೆನೇ ಮೇಲೇಳಲ್ಲ, ಇಷ್ಟು ಮೆತ್ತಗಿನ ಹೊಗೆ ಅಂತೂ ಖಾರದ ಕೆಳಗೆ ಹೂತೇ ಹೋಗತ್ತೆ.

ಮಾರನೇ ದಿನ ಊಟಕ್ಕೆ ಮುಂಚೆ, ಬಾಯಿ ಕಿರಿದಾಗಿರೋ ಗ್ಲಾಸಿಗೆ 30 ಎಂಎಲ್ ಹಾಕಿ ಹತ್ತು ನಿಮಿಷ ಮುಟ್ಲಿಲ್ಲ. ಆಮೇಲೆ ನನ್ನ ಬಾಯಿ ಸ್ವಲ್ಪ ತೆರೆದು ಗ್ಲಾಸನ್ನ ಮೂಗಿಗೆ ತಂದೆ, ಬಾಯಿ ಮುಚ್ಚಿದ್ರೆ ಸ್ಪಿರಿಟ್ ಚುಚ್ಚತ್ತೆ. ಮೊದಲು ಜೇನುತುಪ್ಪ, ವೆನಿಲಾ, ಅದರ ಹಿಂದೆ ಹೊಗೆ, ಥೇಟ್ ನಮ್ಮ ಮಲೆನಾಡು ಮನೆ ಬಚ್ಚಲೊಲೆದು. ಬೆಳಿಗ್ಗೆ ತೆಂಗಿನ ಮಟ್ಟೆ ಹಾಕಿ ಹಂಡೆ ಕಾಯಿಸ್ತಿದ್ರಲ್ಲ, ಸ್ನಾನ ಆದ್ಮೇಲೂ ಟವೆಲ್‌ನಲ್ಲಿ ಉಳೀತಿತ್ತಲ್ಲ, ಅದೇ ಹೊಗೆ. ಒಂದು ನಿಮಿಷ ಕುಡೀದೇ ಸುಮ್ನೆ ಕೂತಿದ್ದೆ.

ಗುಟುಕು ಚಿಕ್ಕದಾಗಿ ತಗೊಂಡು ನಾಲಿಗೆ ಮೇಲೆ ನಾಲ್ಕೈದು ಸೆಕೆಂಡ್ ಆಡಿಸಬೇಕು. ಬಾಯಲ್ಲಿ ಬರೀ ಸಿಹಿ ಇರತ್ತೆ, ನುಂಗಿ ಉಸಿರು ಬಿಟ್ಟಾಗ್ಲೇ ಹೊಗೆ ಮತ್ತೆ ಕಾಳುಮೆಣಸಿನ ಸಣ್ಣ ಖಾರ ಗಂಟಲಲ್ಲಿ ಬರೋದು. ಅರ್ಧ ಟೀ ಚಮಚ ನೀರು ಹಾಕಿದ್ಮೇಲೆ ನಂಗೆ ಇನ್ನೂ ಬಿಚ್ಚಿಕೊಳ್ತು, ಎರಡು ಚಮಚ ಹಾಕಿದಾಗ ತೆಳ್ಳಗಾಗಿ ಹಾಳಾಯ್ತು. ಜೊತೆಗೆ ಇಲ್ಲಿನ ಓಟ್‌ಕೇಕ್ ಅನ್ನೋ ಓಟ್ಸ್ ಬಿಸ್ಕತ್ತು, ಚೆಡ್ಡಾರ್ ಚೀಸ್ ಚೆನ್ನಾಗಿ ಹೋಗತ್ತೆ, ಇಲ್ಲಾಂದ್ರೆ ಹುರಿದ ಗೋಡಂಬಿ.

ಇನ್ನೊಂದು ವಿಷಯ ಹೇಳ್ಬೇಕು. ಚಿಕ್ಕಪ್ಪನ ಬೀರು ಮೇಲೆ ಯಾವಾಗ್ಲೂ ಟೀಚರ್ಸ್ ಅನ್ನೋ ವಿಸ್ಕಿ ಬಾಟ್ಲಿ ಇರ್ತಿತ್ತು. ಈ ಆರ್ಡ್‌ಮೋರನ್ನ 1898ರಲ್ಲಿ ಕಟ್ಟಿಸಿದ್ದು ಅದೇ ಟೀಚರ್ ಮನೆತನದ ಆಡಂ ಟೀಚರ್, ಅವರ ಬ್ಲೆಂಡಿಗೆ, ಅಂದ್ರೆ ಹಲವು ವಿಸ್ಕಿ ಬೆರೆಸಿ ಮಾಡೋ ಟೀಚರ್ಸ್‌ಗೆ, ಮಾಲ್ಟ್ ವಿಸ್ಕಿ ಬೇಕು ಅಂತ. ಅದಕ್ಕೆ ಟೀಚರ್ಸ್‌ದೂ ಒಂದು ಸಣ್ಣ ಬಾಟ್ಲಿ ತಂದು ಪಕ್ಕಪಕ್ಕ ಇಟ್ಟು ನೋಡ್ದೆ, ಮೊದಲು ಟೀಚರ್ಸ್, ಆಮೇಲೆ ಆರ್ಡ್‌ಮೋರ್. ಎರಡನ್ನೂ ಕುಡಿದು ಮತ್ತೆ ಟೀಚರ್ಸ್‌ಗೆ ಬಂದ್ರೆ ಅದೇ ಹೊಗೆ ಅಡಿಯಲ್ಲಿ ಎಳೆಯಾಗಿ ಸಿಗತ್ತೆ, ಮುಂಚೆ ಗೊತ್ತೇ ಆಗಿರ್ಲಿಲ್ಲ. ಚಿಕ್ಕಪ್ಪಂಗೆ ಫೋನ್ ಮಾಡಿ ಹೇಳಿದೆ, "ಹೌದೇನೋ, ನಾನು ಸೋಡಾ ಹಾಕೇ ಕುಡ್ದಿದ್ದು ಇಷ್ಟು ವರ್ಷ" ಅಂದ್ರು.

ಈಗ ರಾತ್ರಿ ಗ್ಲಾಸ್ ತೊಳೆಯಲ್ಲ. ಬೆಳಿಗ್ಗೆ ಖಾಲಿ ಗ್ಲಾಸ್ ಮೂಸಿದ್ರೆ ಸ್ಪಿರಿಟ್ ಎಲ್ಲಾ ಹೋಗಿ ಒಣ ಬೂದಿ ವಾಸನೆ ಮಾತ್ರ ಇರತ್ತೆ, ಹಿಂದಿನ ದಿನದ ಒಲೆದು.