ಅಮ್ಮನಿಗಾಗಿ ಬರೆದ ಕಣ

ಅಮ್ಮನಿಗೆ ಆಗಸ್ಟ್‌ನಲ್ಲಿ 70 ತುಂಬುವುದಿತ್ತು. ಕೊಡಗಿನ ಸಿದ್ದಾಪುರದ ಕಾಫಿ ತೋಟದ ಮನೆಯನ್ನು ಬಿಟ್ಟು ಮೈಸೂರಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿ ಮೂರು ವರ್ಷವಾಗಿದ್ದ ಅವರಿಗೆ ನನ್ನ ಕೈಯಿಂದಲೇ ಬರೆದ ಒಂದು ಜಲವರ್ಣ ಚಿತ್ರವನ್ನು ಕೊಡಬೇಕೆಂದು ಮೇ ತಿಂಗಳಲ್ಲೇ ನಿಶ್ಚಯಿಸಿದ್ದೆ. ಏನನ್ನು ಬರೆಯುವುದೆಂಬುದು ಮಾತ್ರ ಜುಲೈ ಬಂದರೂ ಇತ್ಯರ್ಥವಾಗಿರಲಿಲ್ಲ.

ಮೊದಲು ಯೋಚಿಸಿದ್ದು ಅವರ ಮದುವೆಯ ಫೋಟೊ ನೋಡಿ ಭಾವಚಿತ್ರ ಬರೆಯುವುದನ್ನು. ಆದರೆ ಆ ಫೋಟೊವನ್ನು ಅವರು ಬೀರುವಿನ ಬಟ್ಟೆಗಳ ಅಡಿಯಲ್ಲಿ ಇಟ್ಟಿದ್ದರೇ ಹೊರತು ಒಮ್ಮೆಯೂ ಗೋಡೆಗೆ ಹಾಕಿದವರಲ್ಲ. ಮಡಿಕೇರಿಯ ರಾಜಾಸೀಟಿನಿಂದ ಕಾಣುವ ಬೆಟ್ಟಸಾಲು, ಪ್ರವಾಸಿಗರಿಗೆ ಪ್ರಿಯವಾದದ್ದು, ಅಮ್ಮನಿಗೆ ಏನೂ ಅಲ್ಲ. ಉಳಿದದ್ದು ಕಾಫಿ ಹೂ. ಎಲೆಗಳ ಕಡುಹಸಿರನ್ನು ಸುತ್ತಲೂ ತುಂಬಿ, ಹೂವಿರುವಲ್ಲಿ ಕಾಗದದ ಬಿಳುಪನ್ನೇ ಉಳಿಸುವ ಆ ಕೆಲಸ ನನಗೆ ಚೆನ್ನಾಗಿ ಒಗ್ಗಿದೆ. ಕೇಳಿದವರಿಗೆಲ್ಲ ಬರೆದು ಕೊಟ್ಟಿದ್ದೇನೆ. ಅರ್ಧ ಬರೆದ ಮೇಲೆ ಅನುಮಾನ ಹುಟ್ಟಿತು. ತೋಟ ನೋಡಿಕೊಂಡವರಿಗೆ ಹೂವಿನ ಕಾಲವೆಂದರೆ ಚಂದಕ್ಕಿಂತ ಹೆಚ್ಚಾಗಿ ಆತಂಕ: ಹೂ ಅರಳಿಸುವ ಹೂಮಳೆ ಸಮಯಕ್ಕೆ ಬಿತ್ತೇ, ಅದಾದ ಎರಡು ಮೂರು ವಾರಕ್ಕೆ, ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂದೀತೇ, ಕಾಯಿ ಕಚ್ಚೀತೇ ಎಂಬ ಲೆಕ್ಕ. ಅದು ನನಗೆ ಸುಲಭವಾದ ವಸ್ತುವಾಗಿತ್ತು, ಅವರಿಗೆ ಬೇಕಾದ ವಸ್ತುವಾಗಿರಲಿಲ್ಲ.

ನೇರವಾಗಿ ಕೇಳಿದರೆ "ಏನಾದರೂ ಬರಿ ಮಗಾ, ನೀನು ಬರೆದರೆ ಸಾಕು" ಎನ್ನುತ್ತಾರೆಂದು ಗೊತ್ತಿದ್ದುದರಿಂದ, ಮೈಸೂರಿಗೆ ಹೋದ ಮೇಲೆ ಅವರು ಫೋನಿನಲ್ಲಿ ಏನೇನು ವಿಚಾರಿಸುತ್ತಾರೆಂಬುದನ್ನು ನೆನಪಿಗೆ ತಂದುಕೊಳ್ಳತೊಡಗಿದೆ. ಹೂವಿನ ಬಗ್ಗೆ, ಮನೆಯ ಬಗ್ಗೆ ವಿಶೇಷವಾಗಿ ಕೇಳಿದವರಲ್ಲ. ಜನವರಿ, ಫೆಬ್ರುವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ನಡೆದು ಹಣ್ಣನ್ನು ಕಣದಲ್ಲಿ ಒಣಹಾಕುವಾಗ ಮಾತ್ರ ಪ್ರತಿ ಸಂಜೆ ಒಂದೇ ಪ್ರಶ್ನೆ: "ಕಣದಲ್ಲಿ ಹರಡಿದ್ದು ಒಣಗಿತಾ? ಅಲ್ಲಿ ಮೋಡ ಇದೆಯಾ?" ನಲವತ್ತು ವರ್ಷ ಅಡಿಗೆಮನೆಯ ಕಿಟಕಿಯಿಂದ ಕಣವನ್ನೂ ಆಕಾಶವನ್ನೂ ಒಟ್ಟಿಗೆ ನೋಡುತ್ತಾ, ಮೋಡ ಕವಿದೊಡನೆ ಒಲೆಯ ಮೇಲಿನದನ್ನು ಇಳಿಸಿ ಟಾರ್ಪಾಲು ಎಳೆಯಲು ಓಡುತ್ತಿದ್ದವರು ಅವರು. ಹೂವಿನ ಚಿತ್ರವನ್ನು ಪಕ್ಕಕ್ಕಿಟ್ಟೆ.

ಆದ್ದರಿಂದ ನಾನು ಕಣದಲ್ಲಿ ನಿಂತು ಕಂಡದ್ದನ್ನಲ್ಲ, ಆ ಕಿಟಕಿಯ ಸರಳುಗಳ ನಡುವೆ ಕಾಣುವುದನ್ನು ಬರೆದೆ: ಅರ್ಧ ಎಳೆದ ನೀಲಿ ಟಾರ್ಪಾಲು, ಆಚೆ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹೊಸದಾಗಿ ಹರಡಿದ ಹಣ್ಣಿನ ಕೆಂಪು ದಿನದಿನಕ್ಕೆ ಕಂದಿ ಕಪ್ಪಾಗುವುದರಿಂದ, ಬೇರೆ ಬೇರೆ ದಿನ ಕೊಯ್ದ ರಾಶಿಗಳಿಗೆ ಬೇರೆ ಬೇರೆ ಬಣ್ಣ ಬೇಕಾಯಿತು. ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಬೆಳಕಿಗೆ ಮಾಸುತ್ತದೆಂಬ ಕಾರಣಕ್ಕೆ ಅದನ್ನು ಬಿಟ್ಟು ಸುಲಭಕ್ಕೆ ಮಾಸದ ಕ್ವಿನಾಕ್ರಿಡೋನ್ ಕೆಂಪನ್ನೂ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದನ್ನೂ ಬಳಸಿದೆ. ಗೋಡೆಯ ಮೇಲೆ ವರ್ಷಗಟ್ಟಲೆ ಇರಬೇಕಾದದ್ದಕ್ಕೆ ಇಷ್ಟಾದರೂ ಯೋಚಿಸಬೇಕು.

ಜುಲೈ ಮಳೆಯಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಕಾಗದದ ಮಾತೇನು! ಎಣ್ಣೆವರ್ಣದ ಆಸೆಯನ್ನು ಮೊದಲೇ ಬಿಟ್ಟಿದ್ದೆ, ಏಕೆಂದರೆ ದಪ್ಪ ಪದರ ಒಣಗಲು ವಾರಗಳೇ ಹಿಡಿಯುತ್ತವೆ. 300 ಜಿಎಸ್‌ಎಂ ತೂಕದ ದಪ್ಪ ಹತ್ತಿ ಕಾಗದದ ಮೇಲೂ ಒಂದು ಪದರ ಆರುವವರೆಗೆ ಅರ್ಧ ದಿನ ಕಾಯಬೇಕಾಯಿತು. ಬೂಷ್ಟು ಹಿಡಿಯದಂತೆ ರಾತ್ರಿ ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿಡುತ್ತಿದ್ದೆ.

ಚೌಕಟ್ಟು ಹಾಕಿಸಿ ಕೊಟ್ಟಾಗ ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಈ ಮೂಲೆಗೆ ಕಲ್ಲು ಇಟ್ಟೇ ಇಲ್ಲವಲ್ಲ ಮಗಾ, ಗಾಳಿ ಬಂದರೆ ಟಾರ್ಪಾಲು ಎದ್ದುಹೋಗ್ತದೆ" ಎಂದರು.

ಮರುದಿನ ಚೌಕಟ್ಟು ಬಿಚ್ಚಿದೆ. ಟಾರ್ಪಾಲಿಗೆ ಬಳಸಿದ್ದು ಅಲ್ಟ್ರಾಮರೀನ್ ನೀಲಿ. ಒದ್ದೆ ಕುಂಚದಿಂದ ಉಜ್ಜಿ ಬಟ್ಟೆಯಿಂದ ಒತ್ತಿದರೆ ಬಹುಮಟ್ಟಿಗೆ ಎದ್ದುಬರುವ ಬಣ್ಣ. ಮೂಲೆಯಲ್ಲಿ ಹೆಬ್ಬೆರಳಿನಗಲ ನೀಲಿಯನ್ನು ತೆಗೆದು, ಆರಿದ ಮೇಲೆ ತೆಳು ಬೂದುಬಣ್ಣದಲ್ಲಿ ಒಂದು ಕಲ್ಲು ಬರೆದು, ಅದರ ಕೆಳಗೆ ನೆರಳು ಹಾಕಿದೆ.