ಇಂಗ್ಲೆಂಡಿನ ಎನ್‌ಐಸಿಯುನಲ್ಲಿ ಕೂಸಿಗೆ ಸ್ಟೀರಾಯ್ಡ್ ಕೊಡ್ತೀವಿ ಅಂದಾಗ

ತಂಗಿಯ ಕೂಸು ಬಸಿರಿನ 26 ವಾರಕ್ಕೇ ಹುಟ್ಟಿ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿತು. ಬಿಪಿ ಏರುತ್ತಲೇ ಇರಲಿಲ್ಲ. ಡಾಕ್ಟರು ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಡ್ತೀವಿ ಅಂದರು. ಶ್ರೀನಿವಾಸಪುರದಿಂದ ಅಮ್ಮ ಫೋನಿನಲ್ಲಿ, "ಬೇಡ ಅಂತ ಹೇಳಪ್ಪಾ" ಅಂತ ಅತ್ತರು. ತಪ್ಪಿಲ್ಲ. ಮಂಡಿನೋವಿಗೆ ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗಿ ಮುಖ ಊದಿಸಿಕೊಂಡವರನ್ನು ಕೋಲಾರದ ಕಡೆ ನಾವೆಲ್ಲ ನೋಡಿದ್ದೇವೆ, ಅಲ್ವಾ?

ಇದು ಬೇರೆ. ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ಇಷ್ಟು ಬೇಗ ಹುಟ್ಟಿದ ಕೂಸಿನಲ್ಲಿ ಬಲಿತಿರುವುದಿಲ್ಲ. ಬಿಪಿ ಹಿಡಿದಿಡುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಸಾಕಾಗುವುದಿಲ್ಲ. ಆ ಕೊರತೆ ತುಂಬುವುದೇ ಹೈಡ್ರೊಕಾರ್ಟಿಸೋನ್. ಸಾಮಾನ್ಯವಾಗಿ ಮೊದಲು ಸಲೈನ್, ಆಮೇಲೆ ಬಿಪಿ ಏರಿಸುವ ಡೋಪಮಿನ್‌ನಂಥ ಔಷಧ ಕೊಟ್ಟು ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಇದು. ಹೆರಿಗೆಗೆ ಮೊದಲು ತಾಯಿಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಮುಖ್ಯವಾಗಿ ಮಗುವಿನ ಶ್ವಾಸಕೋಶ ಬಲಿಯಲಿ ಅಂತ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಮಾನಿಟರ್‌ನಲ್ಲಿ ಸರಾಸರಿ ಬಿಪಿ ನೋಡಿ. ಎಷ್ಟು ವಾರಕ್ಕೆ ಹುಟ್ಟಿತೋ ಸುಮಾರು ಅಷ್ಟಿರಬೇಕು ಅನ್ನುವುದು ವಾಡಿಕೆಯ ಲೆಕ್ಕ: 26 ವಾರಕ್ಕೆ 26. ಆದರೆ ಅದೊಂದನ್ನೇ ಡಾಕ್ಟರು ನಂಬುವುದಿಲ್ಲ. ಮೂತ್ರ ಹೋಗ್ತಿದೆಯಾ, ಮೈ ಬಣ್ಣ ಹೇಗಿದೆ, ರಕ್ತದಲ್ಲಿ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಿದ್ದರೆ ಏರುವ ಅಂಶ) ಎಷ್ಟು, ಎಲ್ಲವನ್ನೂ ನೋಡುತ್ತಾರೆ.

ಅಪಾಯವೂ ಇದೆ. ಸಕ್ಕರೆ ಏರಬಹುದು, ಸೋಂಕು ತಗಲಬಹುದು. ಹುಟ್ಟಿದ ಮೇಲೂ ಮುಚ್ಚದೆ ಉಳಿದ ಹೃದಯದ ಹತ್ತಿರದ ರಕ್ತನಾಳ ಮುಚ್ಚಲು ಐಬುಪ್ರೊಫೆನ್ ಅಥವಾ ಇಂಡೊಮೆಥಾಸಿನ್ ಜೊತೆಗೇ ಕೊಟ್ಟರೆ ಕರುಳು ತೂತಾಗುವ ಭಯ ಜಾಸ್ತಿ. ಇದನ್ನು ಖಂಡಿತ ಕೇಳಿ. ಎಷ್ಟು ದಿನ ಕೊಡ್ತೀರಿ, ಯಾವಾಗ ನಿಲ್ಲಿಸ್ತೀರಿ ಅಂತಲೂ ಕೇಳಿ.

ಊರಲ್ಲಿ ಡಾಕ್ಟರನ್ನು ಪ್ರಶ್ನೆ ಮಾಡಲು ಹಿಂಜರಿಯುತ್ತೇವೆ. ಇಲ್ಲಿ ಕೇಳದಿದ್ದರೇ ನಷ್ಟ. ರೌಂಡ್ಸ್ ಹೊತ್ತಿಗೆ ತೊಟ್ಟಿಲ ಪಕ್ಕ ಇರಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಕೇಳಿ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಕೋಲಾರದಲ್ಲಾದರೆ ಬೆಂಗಳೂರಿಗೆ ನಾವೇ ಹೊತ್ತು ಓಡುತ್ತೇವೆ. ಇಲ್ಲಿ ದೊಡ್ಡ ಎನ್‌ಐಸಿಯು ಬೇಕಾದರೆ ಅವರೇ ಹಾಸಿಗೆ ಹುಡುಕಿ, ವಿಶೇಷ ಆಂಬುಲೆನ್ಸ್ ತಂಡದ ಜೊತೆ ಕಳಿಸುತ್ತಾರೆ.

ಕೆಲಸದ ಚಿಂತೆಗೆ ಒಂದು ಮಾತು. 2025ರ ಏಪ್ರಿಲ್ 6 ಅಥವಾ ನಂತರ ಹುಟ್ಟಿದ ಮಗು, 28 ದಿನದೊಳಗೆ ದಾಖಲಾಗಿ ಸತತ 7 ದಿನ ಆಸ್ಪತ್ರೆಯಲ್ಲಿದ್ದರೆ, ನೌಕರರಾದ ಅಪ್ಪ ಅಮ್ಮ ಇಬ್ಬರಿಗೂ 12 ವಾರದವರೆಗೆ ಹೆಚ್ಚುವರಿ ರಜೆ ಸಿಗುತ್ತದೆ. ಹೆರಿಗೆ ರಜೆಯಲ್ಲಿ ಇದನ್ನು ಕಳೆಯುವುದಿಲ್ಲ. ಮಗು ಒಳಗಿರುವಾಗಲೇ ಆಫೀಸಿಗೆ ತಿಳಿಸಿಬಿಡಿ.